ಸೂಜಿಯ ಜೊತೆಗೆ ಒಂದು ಹಾಡೂ ಇರಲಿ

ಮಕ್ಕಳೇ, ಇಂಜೆಕ್ಷನ್ ಎಂದರೆ ಹೆದರದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಸೂಜಿ ಚುಚ್ಚುವುದು ಒಂದೆರಡು ಕ್ಷಣ ಮಾತ್ರ. ಆದರೆ ನರ್ಸ್ ಟ್ರೇ ಹಿಡಿದು ಬರುವುದನ್ನು ಕಂಡೊಡನೆ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ. ಹಾಗಿದ್ದರೆ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕಾದ ಮಕ್ಕಳ ಪಾಡೇನು? ಅಂಥವರಿಗೆ ಔಷಧಿಯ ಜೊತೆಗೆ ಸಂಗೀತವೂ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ. ಸರಿಯೋ ತಪ್ಪೋ ನೀವೇ ಯೋಚಿಸಿ.

'ಹಾಡು ಕೇಳಿದರೆ ನೋವು ಕಡಿಮೆಯಾಗುತ್ತದೆಯೇ?' ಎಂದು ನೀವು ಕೇಳಬಹುದು. ಇಂಥ ಪ್ರಶ್ನೆಗೆ ಪ್ರಯೋಗದಿಂದಲೇ ಉತ್ತರ ಹುಡುಕಬೇಕು. ಕೆನಡಾ ದೇಶದ ಎಡ್ಮಂಟನ್ ನಗರದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ವಿಜ್ಞಾನಿಗಳು ಹಾಗೆಯೇ ಮಾಡಿದರು. ರಕ್ತನಾಳಕ್ಕೆ ಸೂಜಿ ಹಾಕಿಸಿಕೊಳ್ಳಬೇಕಿದ್ದ 3ರಿಂದ 11 ವರ್ಷದ 42 ಮಕ್ಕಳನ್ನು, ಚೀಟಿ ಎತ್ತಿದಂತೆ, ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೂಜಿ ಹಾಕುವಾಗ ಸಂಗೀತ ಕೇಳಿಸಿದರು, ಇನ್ನೊಂದಕ್ಕೆ ಕೇಳಿಸಲಿಲ್ಲ. ಸಂಗೀತ ಕೇಳಿದ ಮಕ್ಕಳು ಹೇಳಿದ ನೋವು ಕಡಿಮೆಯಾಗಿತ್ತು. ಸೂಜಿ ಹಾಕುವವರಿಗೂ ಕೆಲಸ ಸುಲಭವಾಯಿತು. 2013ರಲ್ಲಿ ಇದು ಪ್ರಕಟವಾಯಿತು. 42 ಮಕ್ಕಳೆಂದರೆ ಸಣ್ಣ ಸಂಖ್ಯೆಯೇ, ನಿಜ. ಆದರೂ ಫಲಿತಾಂಶ ಯೋಚಿಸುವಂತಿದೆ.

ಅದೇ ವರ್ಷ ಅಮೆರಿಕದಿಂದ ಇನ್ನೊಂದು ವರದಿ ಬಂತು. ಅಲ್ಲಿ 11 ಆಸ್ಪತ್ರೆಗಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ 272 ಶಿಶುಗಳನ್ನು ಗಮನಿಸಿದ್ದರು. ತಂದೆತಾಯಿಯರಿಗೆ ಇಷ್ಟವಾದ ಹಾಡನ್ನು ಜೋಗುಳದಂತೆ ಮೆಲ್ಲಗೆ ಹಾಡಿದಾಗ ಶಿಶುಗಳ ಎದೆಬಡಿತ ನಿಧಾನವಾಯಿತು. ತೊಟ್ಟಿಲು ತೂಗುವ ನಮ್ಮ ಅಜ್ಜಿಯರು ಇದನ್ನು ಕೇಳಿದರೆ ನಕ್ಕು, 'ಇದು ನಮಗೆ ಗೊತ್ತಿರಲಿಲ್ಲವೇ?' ಎನ್ನುತ್ತಿದ್ದರೇನೋ!

ಇದು ಹೇಗೆ ಸಾಧ್ಯ? ಚುಚ್ಚಿದ ಜಾಗದಿಂದ ನೋವಿನ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಬೆನ್ನುಹುರಿಯಲ್ಲಿ ಈ ಸುದ್ದಿಗೆ ಒಂದು ಬಗೆಯ ಬಾಗಿಲು ಇದೆ ಎಂದು 1965ರಲ್ಲಿ ಮೆಲ್‌ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಸೂಚಿಸಿದರು. ಮಿದುಳು ಈ ಬಾಗಿಲನ್ನು ಸ್ವಲ್ಪ ತೆರೆಯಲೂ ಬಲ್ಲದು, ಸ್ವಲ್ಪ ಮುಚ್ಚಲೂ ಬಲ್ಲದು. ಭಯವಾದಾಗ ನೋವು ಹೆಚ್ಚುತ್ತದೆ. ಮನಸ್ಸು ಬೇರೆಡೆ ತೊಡಗಿದಾಗ ಕಡಿಮೆಯಾಗುತ್ತದೆ. ಆಟದ ಗುಂಗಿನಲ್ಲಿ ಮೊಣಕಾಲು ತರಚಿದ್ದು ಮನೆಗೆ ಬಂದ ಮೇಲೆ ತಿಳಿಯುತ್ತದಲ್ಲವೇ? ಹಾಗೆ!

ಇಲ್ಲೊಂದು ಎಚ್ಚರಿಕೆ ಬೇಕು. ಸಂಗೀತ ರೋಗಾಣುಗಳನ್ನು ಕೊಲ್ಲುವುದಿಲ್ಲ, ಮುರಿದ ಮೂಳೆಯನ್ನು ಕೂಡಿಸುವುದಿಲ್ಲ. 'ಈ ರಾಗ ಕೇಳಿ, ಔಷಧಿ ಬಿಡಿ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂಗೀತ ಔಷಧಿಗೆ ಜೊತೆಗಾರ, ಬದಲಿಯಲ್ಲ.

ಗದ್ದಲವೂ ಸಂಗೀತವಲ್ಲ. ನಾವು ಮಾತನಾಡುವ ಸದ್ದು ಸುಮಾರು 60 ಡೆಸಿಬಲ್. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಸದ್ದು 45 ಡೆಸಿಬಲ್ ಮೀರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳಿದೆ. ಆದ್ದರಿಂದ ವಾರ್ಡಿನಲ್ಲಿ ಮೊಬೈಲ್ ಜೋರಾಗಿ ಹಾಕುವುದು ಉಪಕಾರವಲ್ಲ, ಉಪದ್ರವ. ಯಾವ ಹಾಡು, ಎಷ್ಟು ಹೊತ್ತು ಎಂಬುದನ್ನು ಆ ಮಗುವನ್ನೇ ಕೇಳಬೇಕು. 'ಈಗ ಬೇಡ' ಎಂದರೆ ನಿಲ್ಲಿಸಬೇಕು.

ದೊಡ್ಡ ಯಂತ್ರ ಕೊಳ್ಳಲು ಬಹಳ ಹಣ ಬೇಕು. ಮೆಲುದನಿಯ ಹಾಡಿಗೆ ಅಷ್ಟೊಂದು ಹಣ ಬೇಡ. ಮಕ್ಕಳ ವಾರ್ಡುಗಳಲ್ಲಿ ಅದಕ್ಕೊಂದು ಹೊತ್ತು, ಅದನ್ನು ಬಲ್ಲ ಒಬ್ಬರು ಇರಬೇಡವೇ?

ನೀವೂ ಪರೀಕ್ಷಿಸಿ: ಸುಮ್ಮನೆ ಕುಳಿತು ಒಂದು ನಿಮಿಷ ನಾಡಿ ಎಣಿಸಿ. ಐದು ನಿಮಿಷ ನಿಧಾನದ ಹಾಡು ಕೇಳಿ, ಮತ್ತೆ ಎಣಿಸಿ. ಮರುದಿನ ಹಾಡಿಲ್ಲದೆ ಐದು ನಿಮಿಷ ಕುಳಿತು ಹೀಗೆಯೇ ಮಾಡಿ. ವ್ಯತ್ಯಾಸ ಕಂಡಿತೇ? ತರಗತಿಯಲ್ಲಿ ಎಲ್ಲರ ಲೆಕ್ಕವನ್ನೂ ಪಟ್ಟಿ ಮಾಡಿ, ಚರ್ಚಿಸಿ.