ಏಳು ಮೊಳದ ದಾರಿ

ಕಳೆದ ಬೇಸಿಗೆಯ ಒಂದು ರಾತ್ರಿ ನಮ್ಮ ಓಣಿಯ ವೃದ್ಧ ತಾಯಿಯೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಮಕ್ಕಳು 108ಕ್ಕೆ ಕರೆ ಮಾಡಿದರು. ಆಂಬುಲೆನ್ಸ್ ತಡಮಾಡದೆ ಬಂದಿತು. ಆದರೆ ಓಣಿಯ ಬಾಯಿಯಲ್ಲೇ ನಿಂತಿತು. ಮರುದಿನದ ವಲೀಮಾಕ್ಕೆಂದು ದಾರಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಶಾಮಿಯಾನ ಕಟ್ಟಲಾಗಿತ್ತು. ಅದರಾಚೆಗೆ ಎರಡೂ ಬದಿಯಲ್ಲಿ ಪಾವಟಿಗೆಗಳು, ಪಾವಟಿಗೆಗಳ ಮುಂದೆ ಬೈಕುಗಳು. ಕೊನೆಗೆ ಆ ತಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ನಾಲ್ವರು ಎತ್ತಿಕೊಂಡು, ಕಂಬ ಹಗ್ಗಗಳ ನಡುವೆ ಬಾಗುತ್ತ ನಡೆದರು. ಆಸ್ಪತ್ರೆ ತಲುಪುವ ಮೊದಲೇ ಅವರು ತಮ್ಮ ಪ್ರಭುವಿನ ಕರೆಗೆ ಓಗೊಟ್ಟರು. ಬೆಳಗಾಗುವುದರೊಳಗೆ ಶಾಮಿಯಾನವನ್ನೇನೋ ಬಿಚ್ಚಿದರು, ಪಾವಟಿಗೆಗಳನ್ನು ಬಿಚ್ಚಲಾಗುವುದಿಲ್ಲವಲ್ಲ. ಜನಾಜಾ ಹೊರಟಾಗ ತಿರುವಿನಲ್ಲಿ ಹೆಗಲಿನಿಂದ ಇಳಿಸಿ, ಓರೆ ಮಾಡಿ ದಾಟಿಸಬೇಕಾಯಿತು.

ದಫನ ಮುಗಿಸಿ ಮರಳುವಾಗ ಒಬ್ಬರು ನಮಗೆ ಹೇಳಿದರು: “ಮೌಲಾನಾ, ಅವರ ಆಯುಷ್ಯ ಅಷ್ಟೇ ಇತ್ತು. ತಕ್ದೀರ್‌ಗೆ ಯಾರೇನು ಮಾಡಲಾದೀತು?”

ಮರಣದ ಗಳಿಗೆ ಅಲ್ಲಾಹನ ನಿರ್ಣಯವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ದಾರಿಗೆ ಅಡ್ಡ ಕಂಬ ನೆಟ್ಟವರು ನಾವು. ಒಂಟೆಯನ್ನು ಕಟ್ಟಿಹಾಕಿ, ಅನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಶಾಮ್‌ನಲ್ಲಿ ಪ್ಲೇಗ್ ಹರಡಿದಾಗ ಹ. ಉಮರ್(ರ) ತಮ್ಮ ಜನರೊಡನೆ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಕೇಳಿದವರಿಗೆ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಸತ್ತವರ ತಕ್ದೀರನ್ನು ತೋರಿಸಿ ಬದುಕಿರುವವರ ತಪ್ಪನ್ನು ಮುಚ್ಚುವುದು ದೀನ್ ಅಲ್ಲ, ದೀನಿನ ಹೆಸರಿನಲ್ಲಿ ಮಾಡುವ ಸೋಮಾರಿತನ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ನಿಕಾಹ್, ಜಲ್ಸಾ, ಜನಾಜಾಗಳಿಗೆಂದು ನಾವು ಓಡಾಡುತ್ತಲೇ ಇರುತ್ತೇವೆ. ನಮ್ಮ ಮೊಹಲ್ಲಾಗಳ ಚಿತ್ರ ಎಲ್ಲೆಡೆ ಬಹುಮಟ್ಟಿಗೆ ಒಂದೇ. ಮನೆ ಹೊಸದಾಗುತ್ತದೆ, ಹಂಚು ಹೋಗಿ ಸ್ಲ್ಯಾಬ್ ಬರುತ್ತದೆ, ಗೋಡೆಗೆ ಬಣ್ಣ ಬರುತ್ತದೆ. ಅದರೊಂದಿಗೆ ಪಾವಟಿಗೆ ಒಂದು ಗೇಣು ಮುಂದೆ ಬರುತ್ತದೆ. ಎದುರು ಮನೆಯವರು ಅದನ್ನು ನೋಡಿ ತಾವೂ ಒಂದು ಗೇಣು ಮುಂದೆ ಬರುತ್ತಾರೆ. ಅಜ್ಜಂದಿರ ಕಾಲದಲ್ಲಿ ಚಕ್ಕಡಿ ಹಾಯುತ್ತಿದ್ದ ಓಣಿಯಲ್ಲಿ ಇಂದು ಎರಡು ಬೈಕುಗಳು ಎದುರಾದರೆ ಜಗಳ.

ಇದು ದುನಿಯಾದ ವಿಷಯ, ಇದರಲ್ಲಿ ಮೌಲ್ವಿಗಳಿಗೇನು ಕೆಲಸ ಎನ್ನುವವರಿದ್ದಾರೆ. ಹಾಗಾದರೆ ಅಲ್ಲಾಹನ ರಸೂಲರು(ಸ) ಇದರ ಬಗ್ಗೆ ಇಷ್ಟೊಂದು ಏಕೆ ಹೇಳಿದರು? ಈಮಾನಿಗೆ ಎಪ್ಪತ್ತಕ್ಕೂ ಮಿಕ್ಕಿದ ಶಾಖೆಗಳಿವೆ, ಅವುಗಳಲ್ಲಿ ತೀರ ಕೆಳಗಿನದು ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದು ಎಂಬ ಹದೀಸ್ ನಮ್ಮ ಮದ್ರಸಾದ ಎಂಟು ವರ್ಷದ ಮಗುವಿಗೂ ಬಾಯಿಪಾಠವಿದೆ. ಕಲ್ಲು ಮುಳ್ಳನ್ನು ತೆಗೆಯುವುದು ಈಮಾನಿನ ಕೊನೆಯ ಮೆಟ್ಟಿಲಾದರೆ, ಕಲ್ಲು ಸಿಮೆಂಟನ್ನು ತಂದು ದಾರಿಯಲ್ಲಿ ಕೂರಿಸುವವನು ಯಾವ ಮೆಟ್ಟಿಲಿನ ಮೇಲೆ ನಿಂತಿದ್ದಾನೆ? ಇನ್ನೊಬ್ಬರ ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಕಿಯಾಮತ್ ದಿನ ಏಳು ಭೂಮಿಗಳ ಭಾರವನ್ನು ತೊಡಿಸಲಾಗುವುದೆಂಬ ಎಚ್ಚರಿಕೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹೊಲದ ಬದುವಿನ ವಿಷಯ ಬಂದಾಗ ಈ ಹದೀಸನ್ನು ತಮ್ಮನ ಮುಂದೆ ಹೇಳುವ ಅಣ್ಣ, ಓಣಿಯ ಗೇಣು ನೆಲದ ವಿಷಯ ಬಂದಾಗ ಮರೆಯುತ್ತಾನೆ. ತಮ್ಮನ ಹೊಲಕ್ಕೆ ವಾರಸುದಾರನೊಬ್ಬ. ದಾರಿಗೆ ನಡೆಯುವವರೆಲ್ಲರೂ ವಾರಸುದಾರರು. ಪರಲೋಕದಲ್ಲಿ ಅಷ್ಟು ಜನರ ಬಳಿ ಕ್ಷಮೆ ಬೇಡಲು ಯಾರಿಂದ ಸಾಧ್ಯ?

ದಾರಿಯ ಅಗಲದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಏಳು ಮೊಳ ಬಿಡಬೇಕೆಂಬ ತೀರ್ಪನ್ನು ಹ. ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ, ಅಂದಾಜು ಒಂದೂವರೆ ಅಡಿ. ಏಳು ಮೊಳಕ್ಕೆ ಸುಮಾರು ಹತ್ತೂವರೆ ಅಡಿ. ಇಂದಿನ ಆಂಬುಲೆನ್ಸ್ ಅದರಲ್ಲಿ ಸಲೀಸಾಗಿ ಹಾಯುತ್ತದೆ. ಹದಿನಾಲ್ಕು ಶತಮಾನಗಳ ಹಿಂದೆ ಒಂಟೆ ಸವಾರರ ಊರಿಗೆ ಕೊಟ್ಟ ಅಳತೆಯನ್ನು ನಾವು ಪಾಲಿಸಿದ್ದರೆ ಆ ತಾಯಿಯನ್ನು ಕುರ್ಚಿಯಲ್ಲಿ ಹೊರುವ ಪ್ರಮೇಯವೇ ಬರುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಇಮಾಮ್ ಮರ್ಗೀನಾನಿಯವರು ರಚಿಸಿದ ‘ಹಿದಾಯಾ’ ಹನಫಿ ಮದ್ರಸಾಗಳಲ್ಲಿ ಓದಿದವರಿಗೆಲ್ಲ ಪರಿಚಿತ. ಸಾರ್ವಜನಿಕ ದಾರಿಗೆ ಚಾಚುವಂತೆ ಯಾರಾದರೂ ಶೌಚಾಲಯವನ್ನೋ, ನೀರಿನ ದೋಣಿಯನ್ನೋ, ‘ದುಕ್ಕಾನ’ನ್ನೋ ಕಟ್ಟಿದರೆ ಅದನ್ನು ತೆಗೆಸುವ ಹಕ್ಕು ಜನಸಾಮಾನ್ಯರಲ್ಲಿ ಯಾರಿಗೂ ಉಂಟು ಎಂಬುದು ಅಲ್ಲಿನ ನಿಯಮ. ಅದರಿಂದ ದಾರಿಹೋಕನಿಗೆ ಪ್ರಾಣಹಾನಿಯಾದರೆ ಕಟ್ಟಿದವನ ಕಡೆಯವರು ದಿಯತ್ ತೆರಬೇಕು. ಇಲ್ಲಿ ದುಕ್ಕಾನ್ ಎಂದರೆ ಮಾಲು ತುಂಬಿದ ಅಂಗಡಿಯಲ್ಲ. ಕೂರಲು ಎತ್ತರಿಸಿ ಕಟ್ಟಿದ ಜಗಲಿ, ನಮ್ಮ ಮಾತಿನಲ್ಲಿ ಕಟ್ಟೆ. ನಾವು ಆ ಪಾಠವನ್ನು ಓದಿದೆವು, ಪರೀಕ್ಷೆ ಬರೆದೆವು, ಪೇಟ ಕಟ್ಟಿಸಿಕೊಂಡೆವು, ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತೆವು!

ಎರಡನೆಯ ನೆಪ ಪುರಸಭೆಯದು. ನಮ್ಮ ಓಣಿಗಳಿಗೆ ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಗಟಾರ ಸ್ವಚ್ಛ ಮಾಡುವವರು ಹಬ್ಬಕ್ಕೊಮ್ಮೆ ಕಾಣುತ್ತಾರೆ ಎಂಬ ದೂರನ್ನು ನಾವು ಅಲ್ಲಗಳೆಯುವುದಿಲ್ಲ. ಅರ್ಜಿ ಹಿಡಿದು ಹೋಗಬೇಕು, ಸದಸ್ಯರನ್ನು ಕೇಳಬೇಕು, ಕೊಡುವವರೆಗೆ ಬಿಡಬಾರದು; ಅದು ತೆರಿಗೆ ಕಟ್ಟುವವರ ಹಕ್ಕು. ಆದರೆ ಗಟಾರದ ಮೇಲೆ ಎರಡು ಮನೆಯಗಲದ ಕಾಂಕ್ರೀಟ್ ಹಾಸಿದವರು ಯಾರು? ಒಳಗೆ ಸಲಿಕೆ ಹೋಗದ ಹಾಗೆ ಮುಚ್ಚಿ, ಮೇಲೆ ಬೈಕು ನಿಲ್ಲಿಸಿ, ಪೌರಕಾರ್ಮಿಕ ಬಂದಾಗ ಬಾಗಿಲು ತೆರೆಯದೆ ಕುಳಿತವರು ಯಾರು? ಬೀದಿಗೂ ಗಟಾರಕ್ಕೂ ಕಸ ಎಸೆಯಬಾರದು, ಹಸಿ ಒಣ ಬೇರ್ಪಡಿಸಿಯೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಅದಕ್ಕೂ ಮೊದಲು, ಶುಚಿತ್ವವನ್ನು ಈಮಾನಿನೊಂದಿಗೆ ಸೇರಿಸಿದ ಪ್ರವಾದಿಯ(ಸ) ಸಮುದಾಯ ನಮ್ಮದು. ಅರ್ಜಿ ಹಿಡಿದ ಕೈ ಶುದ್ಧವಿದ್ದರೆ ಅರ್ಜಿಗೆ ಬಲ ಬರುತ್ತದೆ.

ನಮ್ಮ ಸೀಮೆಯವರಿಗೆ ನೀರಿನ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. 2005, 2019, 2021ರ ನೆರೆಗಳನ್ನು ಕಣ್ಣಾರೆ ಕಂಡವರು ನಾವು. ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಬಂದಾಗ ಕುಡಚಿಯ ಸೇತುವೆ ಮುಳುಗಿತು, ನಿಪ್ಪಾಣಿ ಬಳಿಯ ಯಮಗರಣಿಯಲ್ಲಿ ಹೆದ್ದಾರಿಯೇ ಹೊಳೆಯಾಯಿತು. ಆ ನೀರು ಮೇಲಿನ ಘಟ್ಟದಿಂದ ಬಂದದ್ದು, ನಮ್ಮ ಕೈಮೀರಿದ್ದು. ಆದರೆ ಆಷಾಢದ ಒಂದು ತಾಸಿನ ಮಳೆಗೆ ಓಣಿಯ ತಗ್ಗಿನ ಮನೆಯೊಳಗೆ ಮೊಣಕಾಲು ನೀರು ನಿಂತು, ಹೆಣ್ಣುಮಕ್ಕಳು ಇರುಳಿಡೀ ಕೊಡದಿಂದ ಎತ್ತಿ ಹೊರಚೆಲ್ಲುತ್ತಾರಲ್ಲ, ಆ ನೀರನ್ನು ಅಲ್ಲಿಗೆ ತಿರುಗಿಸಿದ್ದು ನಮ್ಮ ಕಾಂಕ್ರೀಟ್. ಮದೀನಾದಲ್ಲಿ ದಹ್ಹಾಕ್ ಇಬ್ನು ಖಲೀಫಾ(ರ) ತಮ್ಮ ಕಾಲುವೆಯನ್ನು ಮುಹಮ್ಮದ್ ಇಬ್ನು ಮಸ್ಲಮಾ(ರ) ಅವರ ನೆಲದ ಮೂಲಕ ಒಯ್ಯಲು ಬಯಸಿದಾಗ ಅವರು ಒಪ್ಪಲಿಲ್ಲ. ನಿನಗೆ ನಷ್ಟವಿಲ್ಲದ, ಸಹೋದರನಿಗೆ ಲಾಭವಿರುವ ಕೆಲಸವನ್ನು ತಡೆಯುವೆಯೇಕೆ ಎಂದು ಖಲೀಫರಾದ ಉಮರ್(ರ) ಕೇಳಿದರು. ಆಗಲೂ ಒಪ್ಪದಿದ್ದಾಗ, ನಿನ್ನ ಹೊಟ್ಟೆಯ ಮೇಲಿಂದ ಹಾಯಿಸಬೇಕಾಗಿ ಬಂದರೂ ಸರಿ, ನೀರು ಹರಿದೇ ತೀರುವುದೆಂದು ಆಜ್ಞಾಪಿಸಿದರು. ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿ ಈ ಪ್ರಸಂಗವಿದೆ. ಅಲ್ಲಿ ನೆಲ ತಡೆದವನ ಸ್ವಂತದ್ದಾಗಿತ್ತು. ಇಲ್ಲಿ ಗಟಾರವೂ ನಮ್ಮದಲ್ಲ, ದಾರಿಯೂ ನಮ್ಮದಲ್ಲ!

ಇನ್ನು ತೆರವಿನ ಮಾತು ಬಂತೆಂದರೆ ನಮ್ಮ ಹಿರಿಯರ ಕಣ್ಣು ಮೊದಲು ಎಲ್ಲಿ ಬೀಳುತ್ತದೆ? ಬಾಳೆಹಣ್ಣಿನ ತಳ್ಳುಗಾಡಿಯ ಮೇಲೆ. ಒಳಮನೆಯಲ್ಲಿ ಬೆಳಕಿಲ್ಲದೆ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ನಿಪ್ಪಾಣಿಯ ತಾಯಂದಿರ ಮೇಲೆ. ತಳ್ಳುಗಾಡಿ ಸಂಜೆಗೆ ಮನೆಗೆ ಹೋಗುತ್ತದೆ. ಬೀಡಿಯ ಮೊರ ಕತ್ತಲಾದ ಮೇಲೆ ಒಳಗೆ ಹೋಗುತ್ತದೆ. ಮುಖಂಡರ ಮೂರಂತಸ್ತಿನ ಮನೆಯ ಹೊರಮೆಟ್ಟಿಲು ಮಾತ್ರ ಹಗಲಿರುಳು ದಾರಿಯಲ್ಲೇ ಮಲಗಿರುತ್ತದೆ, ಅದರ ಬಗ್ಗೆ ಜಮಾಅತಿನಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಕುಲೀನನು ಕದ್ದರೆ ಬಿಟ್ಟು, ದುರ್ಬಲನು ಕದ್ದರೆ ಶಿಕ್ಷಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಮಖ್ಝೂಮ್ ಮನೆತನದ ಮಹಿಳೆಯ ಪ್ರಕರಣದಲ್ಲಿ. ಬಡವರ ಹೊಟ್ಟೆಪಾಡನ್ನು ಎತ್ತಿಸಿ ಉಳ್ಳವರ ಮೆಟ್ಟಿಲನ್ನು ಉಳಿಸುವ ತೆರವು ನಮಗೆ ಬೇಡ. ದಾರಿ ಬಿಡಿಸುವ ಕೆಲಸ ಮುತವಲ್ಲಿಯ ಮನೆಯಿಂದ, ಮಸೀದಿಯ ಬಾಗಿಲಿನಿಂದ ಆರಂಭವಾಗಲಿ. ಜುಮಾದ ದಿನ ಬೈಕುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ಒಳಗೆ ಮೊದಲ ಸಾಲಿಗೆ ನುಗ್ಗುವವನು, ಹೊರಗೆ ಸಿಕ್ಕಿಬಿದ್ದ ರೋಗಿಯ ಶಾಪವನ್ನು ಬೆನ್ನಿಗೆ ಕಟ್ಟಿಕೊಂಡೇ ಸಜ್ದಾ ಮಾಡುತ್ತಾನೆ.

ನೆರೆಯವರೆಂದರೆ ಕಲಿಮಾ ಹೇಳುವವರಷ್ಟೇ ಅಲ್ಲ. ಕುರ್‌ಆನಿನ ನಾಲ್ಕನೆಯ ಅಧ್ಯಾಯದ 36ನೆಯ ಸೂಕ್ತವು ಬಂಧುವಾದ ನೆರೆಯವನ ಜೊತೆಗೆ ಅಪರಿಚಿತ ನೆರೆಯವನನ್ನೂ ಹೆಸರಿಸಿದೆ. ಮನೆಯಲ್ಲಿ ಆಡು ಕೊಯ್ದಾಗ ಹ. ಅಬ್ದುಲ್ಲಾ ಇಬ್ನು ಅಮ್ರ್(ರ) ಮೊದಲು ವಿಚಾರಿಸಿದ್ದು, ಯಹೂದಿ ನೆರೆಯವರಿಗೆ ಕಳಿಸಿದಿರಾ ಎಂದು. ನಮ್ಮ ಸೀಮೆಯಲ್ಲಿ ನಮ್ಮ ನೆರೆಯವರು ಯಾರು? ಲಿಂಗಾಯತರು, ಮರಾಠರು, ಅಥಣಿಯ ಚಪ್ಪಲಿಗೆ ಹೆಸರು ತಂದ ಸಮಗಾರರು, ಮತ್ತು ಜೈನರು. ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ ಇರುವುದು ಇಲ್ಲಿಯೇ. ವಿದ್ಯಾನಂದ ಮುನಿಗಳ ಶೇಡಬಾಳವೂ ಇಲ್ಲಿಯೇ. ಹೊತ್ತು ಮುಳುಗಿದ ಮೇಲೆ ಜೀವಹಾನಿಯ ಭಯದಿಂದ ಅನ್ನವನ್ನೂ ಮುಟ್ಟದ ಕುಟುಂಬದ ಬಾಗಿಲ ಮುಂದಿನ ಗಟಾರದಲ್ಲಿ ಬಕ್ರೀದಿನ ಮರುದಿನ ನಮ್ಮ ಮನೆಯ ರಕ್ತಮಿಶ್ರಿತ ನೀರು ಹರಿದರೆ, ಆ ನೆರೆಯವರು ನಮ್ಮ ಕೇಡಿನಿಂದ ಸುರಕ್ಷಿತರೆನ್ನಲಾದೀತೇ? ಯಾರ ಕೇಡಿನಿಂದ ನೆರೆಯವನು ಸುರಕ್ಷಿತನಲ್ಲವೋ ಅವನು ವಿಶ್ವಾಸಿಯಲ್ಲವೆಂದು ಅಲ್ಲಾಹನಾಣೆ ಹಾಕಿ ಮೂರು ಬಾರಿ ಹೇಳಲಾಗಿದೆ. ಕುರ್ಬಾನಿ ನಮ್ಮ ಇಬಾದತ್. ಅದರ ತ್ಯಾಜ್ಯವನ್ನು ಅಂದೇ ಹೂಳುವುದೋ, ಪುರಸಭೆಯ ಗಾಡಿಗೆ ಒಪ್ಪಿಸುವುದೋ ಅದೇ ಇಬಾದತಿನ ಭಾಗ.

ಇದನ್ನೆಲ್ಲ ಸಮುದಾಯದ ಬ್ಲಾಗಿನಲ್ಲಿ ಬಯಲಿಗಿಟ್ಟರೆ ಆಡಿಕೊಳ್ಳುವವರಿಗೆ ಅನುಕೂಲವಲ್ಲವೇ ಎಂದು ಕೆಲವರು ಅಸಮಾಧಾನಪಡಬಹುದು. ಆಡಿಕೊಳ್ಳುವವರು ನಮ್ಮ ಓಣಿಯನ್ನು ನೋಡಿಯೇ ಆಡಿಕೊಳ್ಳುತ್ತಾರೆ, ನಮ್ಮ ಬರಹವನ್ನು ಓದಿ ಅಲ್ಲ. ಅವರ ಬಾಯಿ ಮುಚ್ಚಿಸಲೆಂದೂ ನಾವು ಬರೆಯುತ್ತಿಲ್ಲ. ಆ ತಾಯಿಯನ್ನು ಕುರ್ಚಿಯಲ್ಲಿ ಹೊತ್ತವರಲ್ಲಿ ನಾವೂ ಒಬ್ಬರಾಗಿದ್ದೆವು. ಒಂದು ಪಾವಟಿಗೆಗೆ ಕಾಲು ಎಡವಿ ಕುರ್ಚಿ ವಾಲಿತು, ಅವರು ಭಯದಿಂದ ನಮ್ಮ ತೋಳನ್ನು ಗಟ್ಟಿಯಾಗಿ ಹಿಡಿದರು. ಆ ಪಾವಟಿಗೆ ನಮ್ಮ ಮನೆಯದೇ ಆಗಿತ್ತು. ಹದಿನೈದು ದಿನಗಳ ನಂತರ ಗೌಂಡಿಯನ್ನು ಕರೆಸಿ ಅದನ್ನು ಒಡೆಸಿ, ಮೆಟ್ಟಿಲನ್ನು ಹೊಸ್ತಿಲಿನ ಒಳಗೆ ತೆಗೆದುಕೊಂಡೆವು. ಪಡಸಾಲೆ ಎರಡು ಅಡಿ ಕಿರಿದಾಯಿತು. ಹದಿನೈದು ದಿನ ಏಕೆ ತಡವಾಯಿತೆಂದರೆ, ಎದುರು ಮನೆಯವರು ಮೊದಲು ಒಡೆಯಲಿ ಎಂದು ನಾವೂ ಕಾಯುತ್ತಿದ್ದೆವು. ಅವರು ಇನ್ನೂ ಒಡೆದಿಲ್ಲ.

ನಾವು ಕೇಳುವುದು ಹೆಚ್ಚಿಲ್ಲ. ಮುಂದಿನ ಜುಮಾದೊಳಗೆ ಪ್ರತಿಯೊಂದು ಮನೆಯವರು ತಮ್ಮ ಬಾಗಿಲ ಮುಂದಿನ ದಾರಿಯನ್ನು ಅಳೆಯಲಿ; ಏಳು ಮೊಳ ಇದೆಯೇ, ಇಲ್ಲದಿದ್ದರೆ ಅದರಲ್ಲಿ ನಮ್ಮ ಪಾಲೆಷ್ಟು ಎಂದು ನೋಡಲಿ. ಆಂಬುಲೆನ್ಸ್ ಹಾಯುವಷ್ಟು ದಾರಿ ಬಿಡದ ಶಾಮಿಯಾನದಡಿಯ ನಿಕಾಹ್‌ಗೆ ಬರುವುದಿಲ್ಲವೆಂದು ಕಾಜಿಗಳೂ ಜಮಾಅತಿನ ಹಿರಿಯರೂ ಮೊದಲೇ ತಿಳಿಸಲಿ. ಗಟಾರದ ಮೇಲಿನ ಕಾಂಕ್ರೀಟ್ ಹೋಗಿ, ಎತ್ತಿ ಇಡಬಹುದಾದ ಕಲ್ಲುಹಾಸು ಬರಲಿ. ಓಣಿಯ ಬಾಯಿಯಲ್ಲಿ ಕಟ್ಟೆ ಹಿಡಿದು ಕೂರುವ ಯುವಕರಿಗೆ, ದಾರಿಯಲ್ಲಿ ಕುಳಿತವರು ದಾರಿಯ ಹಕ್ಕನ್ನು ಸಲ್ಲಿಸಬೇಕೆಂಬ ಪ್ರವಾದಿ(ಸ) ಬೋಧನೆಯನ್ನು ತಂದೆಯರು ಮನೆಯಲ್ಲೇ ಹೇಳಲಿ: ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು.

ನಮ್ಮೆಲ್ಲರ ಜನಾಜಾವೂ ಒಂದು ದಿನ ಇದೇ ಓಣಿಯಿಂದ ಹೊರಡಲಿದೆ. ಅಂದು ಹೆಗಲು ಕೊಡುವವರು ಎಡವದಂತೆ ದಾರಿ ಬಿಡುವ ಕೆಲಸವನ್ನು ಬದುಕಿರುವಾಗಲೇ ಮಾಡೋಣ. ದಾರಿಯ ಹಕ್ಕನ್ನೂ ನೆರೆಯವರ ಹಕ್ಕನ್ನೂ ಅರಿತು ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೂ ನಿಮಗೂ ಅನುಗ್ರಹಿಸಲಿ. ಆಮೀನ್.