ಕೈಕೆಲಸ: ಕುದುರೆ ಲಾಯದ ಬಾಗಿಲು

ಮುಂಬಯಿ, ಪುಣೆಗಳ ನಮ್ಮ ವಾಚಕರಿಗೆ ಮಾಥೇರಾನ್ ಬೆಟ್ಟ ಹೊಸದಲ್ಲ. ಪ್ರವಾಸಿಗರ ಮೋಟಾರುಗಳಿಗೆ ಊರೊಳಗೆ ಪ್ರವೇಶವಿಲ್ಲವಾದ ಕಾರಣ ಅಲ್ಲಿ ಇಂದಿಗೂ ಕುದುರೆಗಳು ಜನರನ್ನು ಹೊರುತ್ತವೆ. ಕುದುರೆಯನ್ನೇ ನಂಬಿ ಸಂಸಾರ ನಡೆಸುವವರಿಗೆ ಲಾಯದ ಬಾಗಿಲು ಸಣ್ಣ ವಿಷಯವಲ್ಲ. ಬಡಗಿಯ ಕೆಲಸ ಅಷ್ಟಿಷ್ಟು ಬಲ್ಲವರು ಇದನ್ನು ತಾವೇ ಮಾಡಿಕೊಳ್ಳಬಹುದು.

ಬಾಗಿಲು ಎರಡು ಭಾಗದ್ದಾಗಿರಲಿ. ಅಗಲ 4 ಅಡಿ ಬೇಕು. ಇಕ್ಕಟ್ಟಾದರೆ ಒಳಹೊರಗೆ ಹೋಗುವಾಗ ಕುದುರೆಯ ಸೊಂಟದ ಮೂಳೆಗೆ ಪೆಟ್ಟಾಗುವುದು. ಕೆಳಭಾಗದ ಎತ್ತರ ಸುಮಾರು 4½ ಅಡಿ. ಮೇಲ್ಭಾಗವನ್ನು ತೆರೆದು ಗೋಡೆಗೆ ಕೊಕ್ಕೆ ಹಾಕಿಟ್ಟರೆ ಮೂತ್ರದ ಘಾಟು ಹೊರಟುಹೋಗಿ ಗಾಳಿಯಾಡುವುದು.

ಕೆಳಭಾಗಕ್ಕೆ 1½ ಅಂಗುಲ ದಪ್ಪದ ಗಟ್ಟಿ ಹಲಗೆಗಳನ್ನು ಸಂದಿಲ್ಲದಂತೆ ಜೋಡಿಸಿರಿ. ಹೊರಮೈಯಲ್ಲಿ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ. ಅವುಗಳ ನಡುವೆ ಒಂದು ಓರೆಪಟ್ಟಿ. ಈ ಓರೆಪಟ್ಟಿಯಲ್ಲಿಯೇ ಕೆಲಸದ ಗುಟ್ಟು ಇದೆ. ಅದು ಬಿಜಾಗರಿಯ ಕಡೆ ಕೆಳಮೂಲೆಯಿಂದ ಹೊರಟು ಅಗಳಿಯ ಕಡೆ ಮೇಲ್ಮೂಲೆಗೆ ಏರಬೇಕು. ಆಗ ಅಗಳಿಯ ಬದಿಯ ಭಾರವನ್ನು ಅದು ಊರುಗೋಲಿನಂತೆ ಹೊತ್ತು ಕೆಳಗಿನ ಬಿಜಾಗರಿಗೆ ಒಪ್ಪಿಸುವುದು. ತಿರುವುಮುರುವಾಗಿ ಬಡಿದರೆ ಬಾಗಿಲು ಕ್ರಮೇಣ ಜೋತು ನೆಲ ಉಜ್ಜುವುದು.

ಉದ್ದ ಪಟ್ಟಿಯ ಬಿಜಾಗರಿಗಳನ್ನು ಮೊಳೆಯಿಂದ ಹೊಡೆಯದೆ, ಹಲಗೆಯನ್ನು ಹಾಯ್ದುಹೋಗುವ ಬೋಲ್ಟಿನಿಂದ ಬಿಗಿಯಿರಿ. ಬೋಲ್ಟಿನ ದುಂಡುತಲೆ ಕುದುರೆಯ ಕಡೆಗೆ, ನಟ್ಟು ಹೊರಗಡೆಗೆ ಇರಲಿ. ಕುದುರೆ ಮರ ಕಚ್ಚದಂತೆ ಕೆಳಭಾಗದ ಮೇಲಂಚಿಗೆ ತಗಡು ಹೊದಿಸಿ, ಅದರ ಅಂಚನ್ನು ಮಡಿಸಿಬಿಡಿ. ನೆಲದ ಬಳಿ ಗೊರಸು ತೂರುವಷ್ಟು ಸಂದು ಉಳಿಯಬಾರದು.

ಅಗಳಿಗಳು ಎರಡು ಬೇಕು. ಮೇಲಿನ ಒಂದನ್ನೇ ನಂಬಿದರೆ ಜಾಣ ಕುದುರೆ ತುಟಿಯಿಂದಲೇ ಅದನ್ನು ಸರಿಸಬಲ್ಲದು. ಕೆಳಗಿನದು ಒದೆತಕ್ಕೆ ತಡೆ.

ಕೊನೆಯದಾಗಿ, ಬಾಗಿಲು ಹೊರಕ್ಕೇ ತೆರೆಯತಕ್ಕದ್ದು. ಕುದುರೆ ಮಲಗಿ ಹೊರಳುವಾಗ ಕೆಲವೊಮ್ಮೆ ಗೋಡೆಗೋ ಬಾಗಿಲಿಗೋ ಸಿಕ್ಕಿಕೊಂಡು ಏಳಲಾರದೆ ಹೋಗುವುದುಂಟು. ನೂರಾರು ಸೇರು ತೂಕದ ಪ್ರಾಣಿ ಅಡ್ಡಬಿದ್ದಿರುವಾಗ ಒಳಕ್ಕೆ ತೆರೆಯುವ ಬಾಗಿಲನ್ನು ಯಾರು ತಳ್ಳಿಯಾರು? ಹಾಗೆಯೇ ಲಾಯಕ್ಕೆ ಬೀಗ ಹಾಕಬೇಡಿ. ಬೆಂಕಿ ಬಿದ್ದರೆ ಬೀಗದ ಕೈ ಹುಡುಕುವಷ್ಟು ವೇಳೆ ಇರುವುದಿಲ್ಲ. ಕತ್ತಲಲ್ಲಿ ಮನೆಯ ಮಕ್ಕಳೂ ತೆರೆಯುವಂತಿರಬೇಕು.

ನಮ್ಮಲ್ಲಿ ಲಾಯವುಳ್ಳವರು ವಿರಳ, ನಿಜ. ಆದರೆ ಊರ ಮನೆಯ ಕೊಟ್ಟಿಗೆಗೂ ಹಿತ್ತಿಲ ಬಾಗಿಲಿಗೂ ಓರೆಪಟ್ಟಿಯ ನಿಯಮ ಇದೇ. ರಜೆಗೆ ಹೋದಾಗ ಜೋತುಬಿದ್ದ ಬಾಗಿಲು ಕಂಡರೆ ಮೊದಲು ಅದರ ಓರೆ ಯಾವ ಕಡೆಗಿದೆ ನೋಡಿರಿ.