ಅಗ್ಗದ ಟ್ಯಾಬ್‌ಗೂ ಹೊಂದುವ ವಿಡಿಯೊ ಕಳುಹಿಸೋಣ



ಜಹೀರಾಬಾದ್ ಮತ್ತು ಬೀದರ್ ನಡುವಿನ ನಮ್ಮ ನ್ಯಾಲ್ಕಲ್ ಸೀಮೆಯಲ್ಲಿ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ತೆಲುಗು, ಇಂಗ್ಲಿಷ್. ಮನೆಯಲ್ಲಿ ಅವ್ವನ ಸಂಗಡ ಮಾತ್ರ ಕನ್ನಡ. ಇಂಥ ಮಕ್ಕಳಿಗೆ ಕನ್ನಡದ ಕಥೆ, ಹಾಡು, ಪಾಠ ತಲುಪುವ ದೊಡ್ಡ ದಾರಿ ವಿಡಿಯೊ. ಅದನ್ನು ಅವರು ನೋಡುವುದು ಯಾವುದರಲ್ಲಿ? ಪುಸ್ತಕ ಓದಲೆಂದು ಯಾವಾಗಲೋ ಕೊಂಡು, ಅಣ್ಣ ಬಳಸಿ ಬಿಟ್ಟ ಏಳಿಂಚಿನ ಅಗ್ಗದ ಟ್ಯಾಬ್‌ನಲ್ಲಿ. ಚಿತ್ರ ನಿಂತು ನಿಂತು ಓಡುತ್ತದೆ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಎರಡು ನಿಮಿಷಕ್ಕೆ ಮಗು ಎದ್ದು ಹೋಗುತ್ತದೆ. “ಆ ಡಬ್ಬ ಬಿಸಾಕಿ ಹೊಸದು ತಗೊಳ್ರಿ” ಎಂಬ ಸಲಹೆ ತಕ್ಷಣ ಬರುತ್ತದೆ. ಸಲಹೆ ಕೊಟ್ಟವರು ದುಡ್ಡು ಕೊಡುವುದಿಲ್ಲ, ಅದು ಬೇರೆ ಮಾತು.

ನಾವು ಹೇಳುವುದು ಇಷ್ಟೇ: ಬದಲಾಗಬೇಕಾದದ್ದು ಟ್ಯಾಬ್ ಅಲ್ಲ, ಕಳುಹಿಸುವ ವಿಡಿಯೊದ ಅಳತೆ.

ಈ ಸಮಸ್ಯೆ ಹೊಸದೇನಲ್ಲ. 2010ರಲ್ಲಿ ಅಮೆರಿಕದ ಬಾರ್ನ್ಸ್ ಆ್ಯಂಡ್ ನೋಬಲ್ ಪುಸ್ತಕದಂಗಡಿಯವರು 249 ಡಾಲರಿಗೆ ನೂಕ್ ಕಲರ್ ಎಂಬ ಓದುವ ಟ್ಯಾಬ್ ತಂದರು. ಅದರ ಪರದೆ 1024×600 ಚುಕ್ಕೆಗಳದ್ದು, ಆದರೆ ವಿಡಿಯೊ 854×480ರೊಳಗೆ ಇದ್ದರೆ ಮಾತ್ರ ಅದಕ್ಕೆ ಸರಿಹೋಗುತ್ತಿತ್ತು. ಮರುವರ್ಷ, 2011ರ ಅಕ್ಟೋಬರ್ 5ರಂದು, ನಮ್ಮ ಹೈದರಾಬಾದಿನಲ್ಲೇ ಜೋಡಿಸಿದ ಆಕಾಶ್ ಟ್ಯಾಬ್ ದೆಹಲಿಯಲ್ಲಿ ಬಿಡುಗಡೆಯಾಯಿತು. 256 ಎಂಬಿ ರ‍್ಯಾಮ್, 366 ಮೆಗಾಹರ್ಟ್ಸ್ ಪ್ರೊಸೆಸರ್, ಬೆರಳಿನಿಂದ ಒತ್ತಿಯೇ ನಡೆಸಬೇಕಾದ ಪರದೆ. ಜನ ನಕ್ಕರು. ಆದರೆ ಅದರೊಳಗೂ ವಿಡಿಯೊಗೆಂದೇ ಬೇರೆ ಘಟಕ ಇತ್ತು, ಗುಟ್ಟು ಇರುವುದೇ ಅಲ್ಲಿ.

ವಿಡಿಯೊ ಎಂದರೆ ಒತ್ತಿ ಮಡಚಿಟ್ಟ ಚಿತ್ರಗಳ ಕಟ್ಟು. ಸೆಕೆಂಡಿಗೆ 25–30 ಚಿತ್ರಗಳನ್ನು ಬಿಚ್ಚಿ ಹರಡಬೇಕು. ಈ ಕೆಲಸಕ್ಕೆಂದೇ ಇರುವ ಚಿಪ್‌ನ ಭಾಗಕ್ಕೆ ಆ ಮಡಿಕೆ ಪರಿಚಿತವಾಗಿದ್ದರೆ ಅಗ್ಗದ ಟ್ಯಾಬ್ ಕೂಡ ನೀರು ಕುಡಿದಷ್ಟು ಸುಲಭವಾಗಿ ಓಡಿಸುತ್ತದೆ. ಪರಿಚಯವಿಲ್ಲದ ಹೊಸ ಮಡಿಕೆಯಾದರೆ ಎಲ್ಲಾ ಭಾರ ಬಡ ಪ್ರೊಸೆಸರ್ ಮೇಲೆ. ವಿಪಿ9, ಎವಿ1 ಎಂಬ ಹೊಸ ಬಗೆಗಳು ಹಳೇ ಟ್ಯಾಬ್‌ಗಳಲ್ಲಿ ತಡವರಿಸುವುದು ಇದೇ ಕಾರಣಕ್ಕೆ. ಹೆಚ್ಚಿನವಕ್ಕೆ ಗೊತ್ತಿರುವುದು ಎಚ್.264. ಇನ್ನು ಅಳತೆಯ ಲೆಕ್ಕ ನೋಡಿ: 1080ಪಿ ವಿಡಿಯೊದ ಒಂದೊಂದು ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆ, ಏಳಿಂಚಿನ ಆ ಪರದೆಯಲ್ಲಿ ಹಿಡಿಯುವುದು 6 ಲಕ್ಷದಷ್ಟು. ಉಳಿದದ್ದನ್ನು ಬಿಚ್ಚಿ ಬಿಸಾಡುವುದಕ್ಕೇ ಟ್ಯಾಬ್ ಬೆವರುತ್ತದೆ. (ಕಪ್ಪುಬಿಳುಪು ಇ-ಇಂಕ್ ಪರದೆಯ ಓದುವ ಸಾಧನ ಇದ್ದವರು ಈ ಗೋಜಿಗೇ ಹೋಗಬೇಡಿ. ಅದು ಪುಟ ತಿರುವಲು ಮಾಡಿದ್ದು.)

ಆದ್ದರಿಂದ ಬೇಸಿಗೆ ಶಿಬಿರದ ಹಾಡಾಗಲಿ, ಭಾನುವಾರದ ತರಗತಿಯ ಕಥೆಯಾಗಲಿ, ನಾವೇ ತೆಗೆದ ವಿಡಿಯೊವನ್ನು ಗ್ರೂಪಿಗೆ ಹಾಕುವ ಮೊದಲು ಒಮ್ಮೆ ಇಳಿಸೋಣ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ನಡೆಯುತ್ತದೆ. ಎಂಪಿ4, ಎಚ್.264, 480ಪಿ ಆರಿಸಿದರೆ ಸಾಕು. ತೀರಾ ಹಳೇ ಟ್ಯಾಬ್ ಆದರೆ ಪ್ರೊಫೈಲ್ ಜಾಗದಲ್ಲಿ ಬೇಸ್‌ಲೈನ್. ಚಿತ್ರ, ಧ್ವನಿ ಸೇರಿ ಸೆಕೆಂಡಿಗೆ 900 ಕಿಲೊಬಿಟ್ ಇಟ್ಟರೆ ಹತ್ತು ನಿಮಿಷದ ವಿಡಿಯೊ 70 ಎಂಬಿಯೊಳಗೆ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಎಂದು ಕಳುಹಿಸಿ, ಇಲ್ಲವಾದರೆ ಅದು ಮತ್ತೆ ಹಿಂಡುತ್ತದೆ. ಮನೆಯಲ್ಲಿ ನೆಟ್ ಸಿಗದವರಿಗೆ ಮೆಮೊರಿ ಕಾರ್ಡಿಗೆ ಹಾಕಿಕೊಡಿ. ನೋಡುವಾಗ ಬೇರೆ ಆ್ಯಪ್‌ಗಳನ್ನು ಮುಚ್ಚಿ, ಜಾಗ ತುಂಬಿದ್ದರೆ ಸ್ವಲ್ಪ ಖಾಲಿ ಮಾಡಲು ಹೇಳಿ.

“ಪ್ರೊಜೆಕ್ಟರ್‌ನಲ್ಲಿ ಚೆನ್ನಾಗಿ ಕಾಣಲ್ಲ” ಎನ್ನುವವರಿದ್ದಾರೆ. ನಿಜ. ಪ್ರೊಜೆಕ್ಟರಿಗೆ ದೊಡ್ಡ ಫೈಲನ್ನೇ ಇಟ್ಟುಕೊಳ್ಳಿ, ಯಾರು ಬೇಡ ಅಂದರು? ಆದರೆ ವರ್ಷಕ್ಕೆ ನಾಲ್ಕು ಸಲ ಹಾಲ್‌ನಲ್ಲಿ ತೋರಿಸುವುದಕ್ಕಾಗಿ ಮನೆ ಮನೆಯ ಮಕ್ಕಳಿಗೂ ಅದನ್ನೇ ಹೊರಿಸುವುದು ಸರಿಯಲ್ಲ.

ಇದೇ ಸೀಮೆಯ ಮಾಚನೂರಿನಲ್ಲಿ 2008ರಿಂದ ದಲಿತ ಹೆಣ್ಣುಮಕ್ಕಳು ಸಂಘಂ ರೇಡಿಯೊ ನಡೆಸುತ್ತಿದ್ದಾರೆ. ಕೇಳುವವರ ಮನೆಯಲ್ಲಿ ಇರುವುದು ಸಣ್ಣ ರೇಡಿಯೊ ಎಂದು ತಿಳಿದೇ ಅವರು ಕೆಲಸ ಶುರುಮಾಡಿದ್ದು. ನಮ್ಮ ಕೈಯಲ್ಲಿ ಅವರಿಗಿಂತ ಹೆಚ್ಚು ಸಲಕರಣೆ ಇದೆ.

ಪ್ರತಿ ಯುವಕೂಟವೂ ತನ್ನಲ್ಲಿರುವ ಅತಿ ಹಳೆಯ ಟ್ಯಾಬ್ ಒಂದನ್ನು ಪರೀಕ್ಷೆಗೆಂದು ಇಟ್ಟುಕೊಳ್ಳಲಿ. ಯಾವ ವಿಡಿಯೊವನ್ನಾದರೂ ಮೊದಲು ಅದರಲ್ಲಿ ಐದು ನಿಮಿಷ ಓಡಿಸಿ ನೋಡಿ. ತುಟಿಗೂ ಮಾತಿಗೂ ಹೊಂದಿಕೆಯಾದರೆ ಕಳುಹಿಸಿ, ಇಲ್ಲವಾದರೆ ಇನ್ನೊಂದು ಮೆಟ್ಟಿಲು ಇಳಿಸಿ.